ಎಸೆಯುವ ಕೈ, ಎತ್ತುವ ಕೈ

ಧರ್ಮಾಧರ್ಮಗಳ ವಿಚಾರಕ್ಕೆ ತೊಡಗುವವರು ಸಾಮಾನ್ಯವಾಗಿ ಸತ್ಯ, ದಾನ, ಯುದ್ಧ, ವಚನಪಾಲನೆ ಮೊದಲಾದ ದೊಡ್ಡ ವಿಷಯಗಳನ್ನೇ ಆರಿಸಿಕೊಳ್ಳುವುದು ವಾಡಿಕೆ. ಗೃಹಸ್ಥರಾದವರು ಅಂತಹ ಪ್ರಸಂಗಗಳನ್ನು ಆಯುಷ್ಯದಲ್ಲಿ ಒಂದೆರಡು ಸಲ ಕಂಡರೆ ಹೆಚ್ಚು. ಅವರ ಧರ್ಮಬುದ್ಧಿಯು ದಿನಕ್ಕೆ ಹತ್ತಾರು ಸಲ ಪರೀಕ್ಷೆಗೆ ಗುರಿಯಾಗುವ ಸ್ಥಳ ಬೇರೆಯಿದೆ. ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು, ಕೈಗೆ ಕೊಟ್ಟ ಲೋಟವನ್ನು ನೆಲಕ್ಕೆಸೆದು, ಅದು ಉರುಳಿಹೋಗುವುದನ್ನು ನೆಟ್ಟ ದೃಷ್ಟಿಯಿಂದ ನೋಡಿ, ಮತ್ತೆ ಬೇಕೆಂದು ಕೈಚಾಚುವ ಒಂದೂವರೆ ವರ್ಷದ ಕೂಸಿನ ಇದಿರೇ ಆ ಸ್ಥಳ. ಲೋಟವನ್ನು ಎತ್ತಿಕೊಟ್ಟರೆ ಪುನಃ ಎಸೆಯುವುದು, ಕೊಡದಿದ್ದರೆ ಅಳುವುದು, ಗದರಿಸಿದರೆ ಒಮ್ಮೆ ನಗುವುದು, ಒಮ್ಮೆ ಬೆಚ್ಚುವುದು. ಇದಕ್ಕೇನು ಮಾಡತಕ್ಕದ್ದು?

ಪಯಸ್ವಿನಿಯ ದಂಡೆಯಲ್ಲಿಯೂ, ಜಾಲ್ಸೂರು, ಅರಂತೋಡು, ಬೆಳ್ಳಾರೆ, ಗುತ್ತಿಗಾರುಗಳ ತೋಟದ ಮನೆಗಳಲ್ಲಿಯೂ ಈ ಪ್ರಶ್ನೆ ಏಳದ ದಿನವಿಲ್ಲ. ಮನೆಮಾತು ತುಳುವಾಗಿರಲಿ, ಅರೆಭಾಷೆಯಾಗಿರಲಿ, ಹವ್ಯಕ ಕನ್ನಡವಾಗಿರಲಿ, ಮಲೆಯಾಳವಾಗಿರಲಿ, ತಟ್ಟೆ ಬಿದ್ದ ಸದ್ದಿನ ಅರ್ಥ ಎಲ್ಲರಿಗೂ ಒಂದೇ. ಆದರೆ ಉತ್ತರದಲ್ಲಿ ಮನೆಯೊಳಗೇ ಎರಡು ಪಕ್ಷಗಳುಂಟು. ಮೊದಲನೆಯ ಪಕ್ಷದವರು, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಈಗಲೇ ಕೈಗೊಂದು ಪೆಟ್ಟು ಬೀಳಬೇಕು" ಎನ್ನುವರು. ಎರಡನೆಯ ಪಕ್ಷದವರು, "ಕೂಸಲ್ಲವೇ, ಏನು ತಿಳಿದೀತು? ಕೃಷ್ಣನೂ ಮಡಕೆ ಒಡೆದವನೇ" ಎಂದು ನಕ್ಕು ಸುಮ್ಮನಾಗುವರು. ಈ ಎರಡರ ನಡುವೆ ನಿಂತ ತಾಯಿ ಮಾತ್ರ ಬಗ್ಗಿ ಬಗ್ಗಿ ಲೋಟವನ್ನೆತ್ತುತ್ತಿರುವಳು. ಎರಡು ಪಕ್ಷಗಳನ್ನೂ ಪರಿಶೀಲಿಸುವುದಕ್ಕೆ ಮೊದಲು, ಎಸೆಯುವುದೆಂಬ ಈ ಕರ್ಮದ ಸ್ವರೂಪವೇನೆಂಬುದನ್ನು ನೋಡುವುದು ಯುಕ್ತ.

ಹುಟ್ಟಿದ ಕೂಸಿನ ಅಂಗೈಯಲ್ಲಿ ಬೆರಳನ್ನಿಟ್ಟರೆ ಅದು ಬಿಗಿಯಾಗಿ ಹಿಡಿಯುವುದೆಂಬುದನ್ನು ಎಲ್ಲರೂ ಬಲ್ಲರು. ಹಿಡಿಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಅದು ಜನ್ಮತಃ ಬಂದದ್ದು. ಬೇಕೆಂದಾಗ ಬಿಡುವುದಾದರೋ ಹಾಗಲ್ಲ. ಮುಷ್ಟಿಯನ್ನು ತನ್ನ ಇಚ್ಛೆಯಂತೆ ಬಿಚ್ಚಿ ಹಿಡಿದದ್ದನ್ನು ಕೆಳಗೆ ಬಿಡುವ ಸಾಮರ್ಥ್ಯವು ಶಿಶುವಿಗೆ ಸುಮಾರು ಒಂಬತ್ತು ತಿಂಗಳಿನಿಂದ ಒಂದು ವರ್ಷದೊಳಗಾಗಿ ಬರುತ್ತದೆ. ಅನ್ನಪ್ರಾಶನದ ದಿನ ಪುಸ್ತಕ, ಶಸ್ತ್ರ, ಬಟ್ಟೆ ಮೊದಲಾದುವುಗಳನ್ನು ಕೂಸಿನ ಮುಂದಿಟ್ಟು, ಅದು ಯಾವುದನ್ನು ಮೊದಲು ಹಿಡಿಯುವುದೆಂದು ನೋಡಿ ಅದರ ಮುಂದಿನ ಜೀವಿಕೆಯನ್ನು ಊಹಿಸುವ ಪದ್ಧತಿಯೊಂದು ನಮ್ಮಲ್ಲಿ ಉಂಟು. ಹಿಡಿದರೆ ಮನೆಯವರೆಲ್ಲ ಹಿಗ್ಗುವರು. ಅದೇ ಕೂಸು ಕೆಲವು ತಿಂಗಳ ತರುವಾಯ ಹಿಡಿಯುವುದಕ್ಕಿಂತ ಕಷ್ಟವಾದ ಬಿಡುವುದನ್ನು ಕಲಿತು, ಆ ವಿದ್ಯೆಯನ್ನು ಅಭ್ಯಾಸ ಮಾಡತೊಡಗಿದರೆ ಗದರಿಕೆ ಆರಂಭವಾಗುತ್ತದೆ. ಹೊಸದಾಗಿ ಅಕ್ಷರ ಕಲಿತ ಬಾಲಕನು ಗೋಡೆಯ ಮೇಲೆಲ್ಲ ಬರೆಯುವಂತೆ, ಹೊಸದಾಗಿ ಬಿಡುವುದನ್ನು ಕಲಿತ ಶಿಶುವು ಸಿಕ್ಕಿದ್ದನ್ನೆಲ್ಲ ಬಿಡುತ್ತದೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ವೈಶೇಷಿಕದರ್ಶನದಲ್ಲಿ ಕರ್ಮವನ್ನು ಐದು ವಿಧವಾಗಿ ವಿಭಾಗಿಸಿರುವರು. ಮೇಲಕ್ಕೆಸೆಯುವ ಉತ್ಕ್ಷೇಪಣ, ಕೆಳಕ್ಕೆಸೆಯುವ ಅವಕ್ಷೇಪಣ, ಮುದುಡುವ ಆಕುಂಚನ, ಚಾಚುವ ಪ್ರಸಾರಣ, ಉಳಿದ ಚಲನೆಗಳೆಲ್ಲ ಸೇರಿದ ಗಮನ. ಐದರಲ್ಲಿ ಮೊದಲಿನೆರಡು ಎಸೆಯುವಿಕೆಯೇ ಆಗಿರುವುದು ಗಮನಾರ್ಹ. ವಸ್ತು ಕೆಳಗೆ ಬೀಳುವುದಕ್ಕೆ ಗುರುತ್ವವೇ ಕಾರಣವೆಂಬುದನ್ನೂ ಕಣಾದರು ವಿಚಾರಿಸಿದರು. ಹೊಸ್ತಿಲಲ್ಲಿ ಕುಳಿತ ಕೂಸು ಪಾಠಶಾಲೆಗೆ ಹೋಗದೆಯೇ ಅದೇ ವಿಷಯವನ್ನು ಕೈಹಚ್ಚಿ ಪರೀಕ್ಷಿಸುತ್ತಿದೆ. ಲೋಟ ಬಿದ್ದರೆ ಠಣ್ಣೆನ್ನುವುದು, ಬಟ್ಟೆ ಬಿದ್ದರೆ ಸದ್ದಿಲ್ಲ, ಚೆಂಡು ಬಿದ್ದರೆ ಮೇಲೇಳುವುದು, ನೀರು ಬಿದ್ದರೆ ಹರಿಯುವುದು. ನೆನ್ನೆ ಬಿದ್ದದ್ದು ಇಂದೂ ಬೀಳುವುದೇ? ಎಡಗೈಯಿಂದ ಬಿಟ್ಟರೂ ಬೀಳುವುದೇ? ಸ್ವಿಟ್ಸರ್ಲೆಂಡಿನ ವಿದ್ವಾಂಸ ಜಾನ್ ಪಿಯಾಜೆ ತನ್ನ ಮಗ ಲೋರಾನ್ ಹತ್ತು ತಿಂಗಳ ಕೂಸಾಗಿದ್ದಾಗ ಆಟದ ಹಂಸವನ್ನೂ ಡಬ್ಬಿಯನ್ನೂ ಒಂದಾದ ಮೇಲೊಂದರಂತೆ ಎತ್ತಿ, ಕೈಯನ್ನು ಒಮ್ಮೆ ನೇರವಾಗಿ, ಒಮ್ಮೆ ಓರೆಯಾಗಿ ಚಾಚಿ ಬೀಳಿಸುತ್ತಿದ್ದುದನ್ನು ಬರೆದಿಟ್ಟನು. ಶಿಶುವಿನ ಬುದ್ಧಿಯ ಉತ್ಪತ್ತಿಯನ್ನು ಕುರಿತು 1936ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಈ ವಿವರ ಸೇರಿದೆ. ವಸ್ತುವಿನಿಂದೇನಾಗುವುದೆಂದು ತಿಳಿಯಲು ಶಿಶುವು ಕ್ರಮವನ್ನು ಬೇಕೆಂದೇ ಬದಲಾಯಿಸಿ ನೋಡುತ್ತದೆಂಬುದು ಅವನ ನಿರ್ಣಯ. ಬೇರೆ ದೇಶದಲ್ಲಿ, ಬೇರೆ ಕಾಲದಲ್ಲಿ, ಬೇರೆ ತರದ ಪಾತ್ರೆಗಳಿಂದ ನಡೆದರೂ ಕೂಸುಗಳ ಪರೀಕ್ಷೆ ಒಂದೇ.

ಹೀಗಿರಲು ಇದರಲ್ಲಿ ಪಾಪಪುಣ್ಯಗಳ ಸಂಬಂಧವುಂಟೇ? ಕಣಾದರ ಸೂತ್ರಗಳ ಐದನೆಯ ಅಧ್ಯಾಯದಲ್ಲಿ, ಕೈಯ ಕರ್ಮವನ್ನು ಹೇಳಿದ ಸಂದರ್ಭದಲ್ಲಿಯೇ, ಬಾಲಕನ ಕರ್ಮವನ್ನು ಕುರಿತು ಒಂದು ಸೂತ್ರವಿದೆ. ಶಂಕರಮಿಶ್ರರು ತಮ್ಮ ಉಪಸ್ಕಾರವೆಂಬ ವ್ಯಾಖ್ಯಾನದಲ್ಲಿ ಅದನ್ನು ವಿವರಿಸುತ್ತ, ಶಿಶುವು ಕೈಕಾಲುಗಳನ್ನಾಡಿಸುವುದಕ್ಕೆ ಪ್ರಯತ್ನವು ಕಾರಣವಾದರೂ ಅದು ಹಿತವನ್ನು ಪಡೆಯುವುದಕ್ಕಾಗಲಿ ಅಹಿತವನ್ನು ಪರಿಹರಿಸುವುದಕ್ಕಾಗಲಿ ಮಾಡಿದುದಲ್ಲ, ಆದುದರಿಂದ ಪುಣ್ಯಪಾಪಗಳಿಗೆ ಹೇತುವಲ್ಲ ಎಂಬ ಅಭಿಪ್ರಾಯವನ್ನು ಕೊಟ್ಟಿರುವರು. ಧರ್ಮಶಾಸ್ತ್ರದ ಮಾತೂ ಇದಕ್ಕೆ ದೂರವಲ್ಲ. ಉಪನಯನಕ್ಕೆ ಮೊದಲು ಬಾಲಕನ ನಡೆ, ನುಡಿ, ಊಟಗಳಿಗೆ ಕಟ್ಟುಪಾಡಿಲ್ಲವೆಂದು ಗೌತಮಧರ್ಮಸೂತ್ರ ವಿಧಿಸುತ್ತದೆ. ಮಹಾಭಾರತದ ಆದಿಪರ್ವದಲ್ಲಿ ಬರುವ ಮಾಂಡವ್ಯರ ಕಥೆಯಂತೂ ಈ ವಿಷಯದಲ್ಲಿ ಧರ್ಮದೇವತೆಗೇ ಬುದ್ಧಿ ಹೇಳಿದ ಕಥೆ. ಮಾಡದ ಕಳ್ಳತನಕ್ಕಾಗಿ ಶೂಲಕ್ಕೇರಿದ ಆ ಋಷಿಯು ಕಾರಣವನ್ನು ಕೇಳಿದಾಗ, ಹುಡುಗತನದಲ್ಲಿ ಪತಂಗವೊಂದಕ್ಕೆ ಹುಲ್ಲುಕಡ್ಡಿ ಚುಚ್ಚಿದುದರ ಫಲವಿದೆಂದು ಧರ್ಮನು ಹೇಳಿದನು. ಅಲ್ಪಾಪರಾಧಕ್ಕೆ ಮಹಾದಂಡವನ್ನು ವಿಧಿಸಿದ ಧರ್ಮನೇ ಮನುಷ್ಯನಾಗಿ ಹುಟ್ಟಲೆಂದು ಶಪಿಸಿದ ಋಷಿ, ಹದಿನಾಲ್ಕನೆಯ ವರ್ಷದವರೆಗೆ ಮಾಡಿದ್ದು ಪಾತಕವಾಗದೆಂಬ ಮೇರೆಯನ್ನೂ ಅಂದೇ ಸ್ಥಾಪಿಸಿದನು. ವಿದುರನ ಜನ್ಮಕ್ಕೆ ಅದು ಕಾರಣವಾಯಿತು. ರಾಜಶಾಸನವೂ ಈ ವಿವೇಕವನ್ನು ಬಿಟ್ಟಿಲ್ಲ. 1860ರ ಭಾರತೀಯ ದಂಡಸಂಹಿತೆಯ 82ನೆಯ ಕಲಮು ಏಳು ವರ್ಷದೊಳಗಿನ ಮಗುವಿನ ಯಾವ ಕೃತ್ಯವೂ ಅಪರಾಧವಲ್ಲವೆಂದು ಸಾರಿತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯಸಂಹಿತೆಯ 20ನೆಯ ಕಲಮು ಅದನ್ನೇ ಉಳಿಸಿಕೊಂಡಿದೆ. ಋಷಿಯೂ ಸೂತ್ರಕಾರರೂ ಶಾಸನಕರ್ತರೂ ಬಿಟ್ಟುಕೊಟ್ಟ ಅಪರಾಧವನ್ನು ಮನೆಯವರು ಮಾತ್ರ ಬಿಟ್ಟುಕೊಡದಿರುವುದು ವಿಚಿತ್ರ.

ಇದಕ್ಕೊಂದು ಕಾರಣವೂ ಉಂಟು. ಹಿಂದೆ ಈ ಸೀಮೆಯ ಮನೆಗಳ ನೆಲ ಮಣ್ಣಿನದು, ಸೆಗಣಿ ಸಾರಿಸಿದ್ದು. ಕೂಸಿನ ಕೈಗೆ ಸಿಕ್ಕುತ್ತಿದ್ದುದು ಅಡಿಕೆಹಾಳೆಯ ತುಂಡು, ತೆಂಗಿನ ಗೆರಟೆ, ಮರದ ಸೌಟು, ಹೆಚ್ಚೆಂದರೆ ಹಿತ್ತಾಳೆಯ ಗಿಂಡಿ. ಎಸೆದರೆ ನೆಲಕ್ಕೂ ನೋವಿಲ್ಲ, ವಸ್ತುವಿಗೂ ನಷ್ಟವಿಲ್ಲ. ಇಂದು ನೆಲಕ್ಕೆ ನುಣುಪಾದ ಟೈಲ್ಸು ಬಂದಿದೆ. ಪಿಂಗಾಣಿ, ಗಾಜುಗಳು ಕೈಗೆಟಕುವಲ್ಲಿ ಇವೆ. ಅಳುವ ಕೂಸನ್ನು ಸುಮ್ಮನಿರಿಸಲು ಹಿರಿಯರು ತಾವೇ ಅದರ ಕೈಗೆ ಕೊಡುವ ಮೊಬೈಲಂತೂ ಒಂದು ಎಸೆತಕ್ಕೆ ಸೀಳುವ ಸಾಮಾನು. ಕೂಸಿನ ಎಸೆತ ಅಂದಿನದೇ, ಅದರ ಸಂಕಲ್ಪವೂ ಅಂದಿನದೇ. ಹೆಚ್ಚಿದ್ದು ಹಿರಿಯರ ಸೊತ್ತಿನ ಬೆಲೆ. ಹಾಳೆಯ ತುಂಡನ್ನೆಸೆದಾಗ ನಕ್ಕು, ಮೊಬೈಲನ್ನೆಸೆದಾಗ ಹೊಡೆಯುವವರು ಅಪರಾಧವನ್ನು ಅಳೆಯುತ್ತಿರುವುದು ಯಾವ ಕೋಲಿನಿಂದ? ಧರ್ಮದ ಕೋಲಿನಿಂದಲ್ಲ, ಅಂಗಡಿಯ ರಸೀದಿಯಿಂದ. ಕೂಸಿಗಾದರೋ ರಸೀದಿಯನ್ನು ಓದಲು ಬಾರದು. ನಿನ್ನೆ ನಗುವನ್ನು ತಂದ ಕೆಲಸವು ಇಂದು ಪೆಟ್ಟನ್ನು ತಂದಿತೆಂಬುದಷ್ಟೇ ಅದಕ್ಕೆ ತಿಳಿಯುವುದು. ನ್ಯಾಯವೆಂಬುದು ಹಿರಿಯರ ಮುಖದ ಹವಾಮಾನವೆಂದು ಅದು ತಿಳಿದುಕೊಂಡರೆ ತಪ್ಪು ಯಾರದು?

ಈಗ ಮೊದಲನೆಯ ಪಕ್ಷವನ್ನು ನೋಡುವುದು. ಗಿಡವಾಗಿರುವಾಗಲೇ ಬಗ್ಗಿಸಬೇಕೆಂಬ ಗಾದೆಯನ್ನು ಅಡಿಕೆಯ ಸೀಮೆಯಲ್ಲಿ ಇಷ್ಟು ಧಾರಾಳವಾಗಿ ಹೇಳುವುದು ಸೋಜಿಗ. ಅಡಿಕೆಯ ಸಸಿಯನ್ನು ಬಗ್ಗಿಸಿದ ಕೃಷಿಕನುಂಟೇ? ಎಳೆಯ ತೋಟದಲ್ಲಿ ಬಾಳೆಯನ್ನು ನಟ್ಟು ನೆರಳು ಮಾಡುವರು. ನೈಋತ್ಯದ ಕಡೆಯ ಬಿಸಿಲಿನಿಂದ ಕಾಂಡ ಸುಟ್ಟುಹೋಗದಂತೆ ಹಾಳೆಯನ್ನೋ ಸೋಗೆಯನ್ನೋ ಕಟ್ಟುವರು. ಬುಡದಲ್ಲಿ ನೀರು ನಿಲ್ಲದಂತೆ ಕಣಿ ತೋಡುವರು. ಸಸಿಯ ಸುತ್ತಲಿನದನ್ನು ಸರಿಪಡಿಸಿ ಸಸಿಯನ್ನು ಅದರ ಪಾಡಿಗೆ ನೆಟ್ಟಗೆ ಬೆಳೆಯಗೊಡುವುದೇ ಇಲ್ಲಿಯ ಕೃಷಿ. ಚಾಣಕ್ಯನ ಹೆಸರಿನಲ್ಲಿ ಪ್ರಚಲಿತವಾದ ನೀತಿಶ್ಲೋಕವೊಂದನ್ನೂ ಈ ಪಕ್ಷದವರು ಹೇಳುವುದುಂಟು. ಅದರಲ್ಲಿ ತಾಡನದ ಮಾತು ಬರುವುದು ನಿಜ. ಆದರೆ ಅದಕ್ಕೆ ಮೊದಲು ಐದು ವರ್ಷಗಳ ಲಾಲನೆಯ ವಿಧಿಯಿದೆ. ಶ್ಲೋಕದ ಎರಡನೆಯ ಪಾದ ನೆನಪಿದ್ದು ಮೊದಲನೆಯದು ಮರೆತುಹೋಗುವುದು ನೆನಪಿನ ದೋಷವಲ್ಲ, ಸಿಟ್ಟಿನ ಅನುಕೂಲ. ಒಂದೂವರೆ ವರ್ಷದ ಕೂಸಿಗೆ ಪೆಟ್ಟಿನಿಂದ ತಿಳಿಯುವುದು ಒಂದೇ ಸಂಗತಿ: ದೊಡ್ಡ ಕೈ ಚಿಕ್ಕ ಕೈಯನ್ನು ಹೊಡೆಯಬಹುದು. ಆ ಪಾಠವನ್ನು ಅದು ತನಗಿಂತ ಚಿಕ್ಕ ಕೂಸು ತೊಟ್ಟಿಲಿಗೆ ಬಂದ ದಿನ ತಪ್ಪದೆ ಒಪ್ಪಿಸುವುದು.

ಎರಡನೆಯ ಪಕ್ಷವು ಇದಕ್ಕಿಂತ ಸೌಮ್ಯವಾದದ್ದು, ಆದರೆ ಅದರಲ್ಲಿಯೂ ದೋಷವಿದೆ. ಕೂಸಿಗೆ ಪಾಪವಿಲ್ಲವೆಂದ ಮಾತ್ರಕ್ಕೆ ಮನೆಗೆ ಕರ್ತವ್ಯವಿಲ್ಲವೆಂದಾಗಲಿಲ್ಲ. ಕೃಷ್ಣನು ಮಡಕೆ ಒಡೆದುದನ್ನು ಹೇಳಿ ನಗುವವರು ಭಾಗವತದ ದಶಮಸ್ಕಂಧದ ಒಂಬತ್ತನೆಯ ಅಧ್ಯಾಯವನ್ನು ಪೂರ್ತಿಯಾಗಿ ನೋಡುವುದೊಳ್ಳೆಯದು. ಯಶೋದೆ ಮೊಸರು ಕಡೆಯುತ್ತಿದ್ದಳು. ಕೂಸು ಹಾಲಿಗಾಗಿ ಬಂದಿತು. ಮೊಲೆಯೂಡುತ್ತಿರುವಾಗ ಒಲೆಯ ಮೇಲಿನ ಹಾಲು ಉಕ್ಕಿತು. ತೃಪ್ತಿಯಾಗದ ಕೂಸನ್ನು ಕೆಳಗಿಳಿಸಿ ಅವಳು ಒಳಗೋಡಿದಳು. ಮಡಕೆ ಒಡೆದದ್ದು ಆಮೇಲೆ. ಕಾರಣವನ್ನು ಮೊದಲಿಟ್ಟು ಕಾರ್ಯವನ್ನು ಅನಂತರ ಹೇಳಿದ ಪುರಾಣಕಾರರ ಕ್ರಮವನ್ನು ಗಮನಿಸತಕ್ಕದ್ದು. ಹಿಂದಿರುಗಿ ಒಡೆದ ಮಡಕೆಯನ್ನು ಕಂಡ ತಾಯಿ ಮೊದಲು ನಕ್ಕಳು. ಬಳಿಕ ಕೋಲು ಹಿಡಿದು ಬೆನ್ನಟ್ಟಿದಳು. ಕೈಗೆ ಸಿಕ್ಕಿದ ಮಗನ ಕಣ್ಣಿನಲ್ಲಿ ಭಯವನ್ನು ಕಂಡೊಡನೆ ಕೋಲನ್ನೆಸೆದುಬಿಟ್ಟಳು. ಆ ಮನೆಯಲ್ಲಿ ಆ ದಿನ ಎರಡು ಎಸೆತಗಳು ನಡೆದುವು. ಕೂಸಿನದು ಒಂದು, ತಾಯಿಯದು ಒಂದು. ಧರ್ಮವಿಚಾರಕ್ಕೆ ವಿಷಯವಾಗುವುದು ಎರಡನೆಯದು. ಆದರೂ ಅವಳು ಸುಮ್ಮನಾಗಲಿಲ್ಲ. ಒರಳಿಗೆ ಕಟ್ಟಲು ಹಗ್ಗ ತಂದಳು. ಎಷ್ಟು ಹಗ್ಗ ಜೋಡಿಸಿದರೂ ಎರಡಂಗುಲ ಸಾಲದಾಯಿತು. ಕೊನೆಗೆ ತಾಯಿಯ ಬೆವರನ್ನೂ ಆಯಾಸವನ್ನೂ ನೋಡಿ ಕರುಣೆಯಿಂದ ಕೃಷ್ಣನೇ ಕಟ್ಟಿಗೆ ಒಳಗಾದನು. ಭಕ್ತರು ಇದಕ್ಕೆ ಹೇಳುವ ಅರ್ಥ ಅವರಿಗಿರಲಿ. ಗೃಹಸ್ಥರಿಗೆ ತೋರುವ ಅರ್ಥವೂ ಒಂದುಂಟು: ಹಿರಿಯರ ನಿಯಮವು ಎಷ್ಟು ಉದ್ದವಾದರೂ ಕೂಸಿನ ಒಪ್ಪಿಗೆಯಿಲ್ಲದೆ ಎರಡಂಗುಲ ಸಾಲದು, ಆ ಒಪ್ಪಿಗೆ ಭಯದಿಂದ ಹುಟ್ಟುವುದಿಲ್ಲ.

ಆದುದರಿಂದ ಮೊದಲು ವಿವೇಚಿಸತಕ್ಕದ್ದು, ಈ ಎಸೆತ ಯಾವ ಜಾತಿಯದೆಂಬುದು. ತಿಳಿಯುವ ಕುತೂಹಲದಿಂದ ಎಸೆಯುವ ಕೂಸು ಬಿದ್ದ ವಸ್ತುವನ್ನು ನೋಡುತ್ತದೆ. ಆಟಕ್ಕೆ ಕರೆಯಲೆಂದು ಎಸೆಯುವ ಕೂಸು ಎತ್ತುವವರ ಮುಖವನ್ನು ನೋಡುತ್ತದೆ. ಹಸಿವು, ನಿದ್ರೆ, ಸಿಟ್ಟು, ಒಂಟಿತನಗಳಿಂದ ಎಸೆಯುವ ಕೂಸು ಯಾವುದನ್ನೂ ನೋಡುವುದಿಲ್ಲ. ವಿಯೆನ್ನಾದ ಮನೋವೈದ್ಯ ಫ್ರಾಯ್ಡನು 1920ರ ತನ್ನ ಗ್ರಂಥವೊಂದರಲ್ಲಿ, ತಾಯಿ ಹೊರಗೆ ಹೋಗುತ್ತಿದ್ದಾಗ ಅಳದೆ, ದಾರ ಕಟ್ಟಿದ ಮರದ ಉರುಳೆಯನ್ನು ದೂರ ಎಸೆದು ಮತ್ತೆ ಎಳೆದುಕೊಳ್ಳುತ್ತಿದ್ದ ಒಂದೂವರೆ ವರ್ಷದ ಮೊಮ್ಮಗನನ್ನು ಕುರಿತು ಬರೆದಿರುವನು. ಹೋದ ತಾಯಿ ಬರುವಳೆಂಬುದನ್ನು ಕೂಸು ಉರುಳೆಯಲ್ಲಿ ಆಡಿ ನೋಡುತ್ತಿತ್ತೆಂದು ಅವನ ಊಹೆ. ಮೂರು ಎಸೆತಗಳ ಸದ್ದು ಒಂದೇ. ಮದ್ದು ಬೇರೆ ಬೇರೆ. ಕುತೂಹಲಕ್ಕೆ ಬೇಕಾದದ್ದು ಒಡೆಯದ ವಸ್ತು, ಆಹ್ವಾನಕ್ಕೆ ಜೊತೆಗಾರ, ಸಂಕಟಕ್ಕೆ ಮಡಿಲು.

ಒಡೆಯದ ವಸ್ತು ಯಾವುದೆಂಬುದಕ್ಕೆ ಚರಕಸಂಹಿತೆಯ ಶಾರೀರಸ್ಥಾನವನ್ನು ನೋಡಬಹುದು. ಕುಮಾರನ ಆಟಿಕೆಗಳು ನಾನಾ ಬಗೆಯವೂ ಸದ್ದು ಮಾಡುವವೂ ಚೆಲುವಾದವೂ ಆಗಿರಬೇಕು. ಭಾರವಾಗಿಯೂ ಚೂಪಾಗಿಯೂ ಬಾಯಿಯೊಳಗೆ ಹೋಗುವಂತೆಯೂ ಹೆದರಿಸುವಂತೆಯೂ ಇರಬಾರದೆಂದು ಅಲ್ಲಿ ವಿಧಿಸಿದೆ. ಇದರಂತೆ ಅಂಗಳದಲ್ಲಿ ಹರಡಿದ ಅಡಿಕೆಯೂ, ಹಲಸಿನ ಬೀಜವೂ ಎಸೆಯಲು ಎಷ್ಟೇ ಸೊಗಸಾದರೂ ಗಂಟಲಿಗೆ ಸಿಕ್ಕುವ ಭಯದಿಂದ ವರ್ಜ್ಯ. ಮೆಟ್ಟುಕತ್ತಿ, ಗಾಜು, ಕಲ್ಲುಗಳನ್ನು ಕೈಗೆಟುಕದಂತೆ ಎತ್ತಿಡುವುದು ಕೂಸನ್ನು ನೂರು ಸಲ ಗದರಿಸುವುದಕ್ಕಿಂತ ಮೇಲು. ಬಟ್ಟೆಯ ಚೆಂಡು, ಹಾಳೆಯ ತುಂಡು, ಅಂಚನ್ನುಜ್ಜಿ ನಯಮಾಡಿದ ದೊಡ್ಡ ಗೆರಟೆ, ಇವನ್ನೆಲ್ಲ ತುಂಬಿದ ಒಂದು ಬುಟ್ಟಿ ಇಷ್ಟಿದ್ದರೆ ಸಾಕು. "ಎಸೆಯಬೇಡ" ಎಂಬ ನಿಷೇಧಕ್ಕಿಂತ "ಇಲ್ಲಿ ಹಾಕು" ಎಂಬ ವಿಧಿಯನ್ನು ಕೂಸು ಬೇಗ ಗ್ರಹಿಸುತ್ತದೆ. ಅದೇ ಗ್ರಂಥವು, ಅಳುವ ಅಥವಾ ಉಣ್ಣದ ಕೂಸಿಗೆ ರಾಕ್ಷಸ ಪಿಶಾಚಿಗಳ ಹೆಸರು ಹೇಳಿ ಹೆದರಿಸುವುದು ಒಳ್ಳೆಯದಲ್ಲವೆಂದೂ ಹೇಳುತ್ತದೆ. ಗುಮ್ಮನನ್ನು ಕರೆಯುವ ಮನೆಗಳು ಇದನ್ನು ಗಮನಿಸಬೇಕು. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದ ಪಂಜೆ ಮಂಗೇಶರಾಯರೂ (1874–1937), ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗಾಗಿ ದುಡಿದ ಶಿವರಾಮ ಕಾರಂತರೂ (1902–1997) ಈ ಜಿಲ್ಲೆಯ ಮಕ್ಕಳಿಗೆ ಓದುವ ಪುಸ್ತಕಗಳನ್ನು ಕೊಟ್ಟರು. ಅಕ್ಷರ ಬಾರದ ಕೂಸಿಗೆ ಪುಸ್ತಕವೆಂದರೆ ಮನೆಯ ಸಾಮಾನುಗಳೇ. ಅವುಗಳಲ್ಲಿ ಕೆಲವನ್ನಾದರೂ ಅದು ನಿರ್ಭಯವಾಗಿ ಓದುವಂತಿರಬೇಕು.

ಅನ್ನದ ವಿಷಯ ಮಾತ್ರ ಬೇರೆ. ಅನ್ನವನ್ನು ನಿಂದಿಸಬಾರದೆಂಬ ಶ್ರುತಿಯ ಸಂಸ್ಕಾರವುಳ್ಳ ಮನೆಯಲ್ಲಿ ಅಗುಳು ನೆಲಕ್ಕೆ ಬಿದ್ದಾಗ ಹಿರಿಯರ ಮನಸ್ಸು ನೋಯುವುದು ಸಹಜವೂ ಯೋಗ್ಯವೂ ಆದುದು. ಆದರೆ ಹೊಟ್ಟೆ ತುಂಬಿದ ಕೂಸು ಅದನ್ನು ಹೇಳಲು ಬಾರದೆ ತಟ್ಟೆಯನ್ನು ತಳ್ಳುವುದೇ ಹೆಚ್ಚು. ಅಲ್ಲಿ ಮಾಡತಕ್ಕದ್ದಿಷ್ಟೆ: ಸ್ವಲ್ಪ ಸ್ವಲ್ಪವೇ ಬಡಿಸುವುದು, ಎರಡು ಸಲ ಎಸೆದರೆ ಊಟ ಮುಗಿಯಿತೆಂದು ಸಿಟ್ಟಿಲ್ಲದೆ ತಟ್ಟೆಯನ್ನೆತ್ತುವುದು, ಹಸಿದಾಗ ಮತ್ತೆ ಕೊಡುವುದು. ಯಾರ ಮೇಲಾದರೂ ಗಟ್ಟಿಯಾದುದನ್ನೆಸೆದರೆ ಆ ಕೈಯನ್ನು ಮೆತ್ತಗೆ ಹಿಡಿದು, ವಸ್ತುವನ್ನು ತೆಗೆದುಕೊಂಡು, "ನೋವಾಗುತ್ತದೆ" ಎಂದು ಒಂದೇ ಮಾತು ಹೇಳುವುದು. ಹಿಡಿಯುವುದು ಬೇರೆ, ಹೊಡೆಯುವುದು ಬೇರೆ. ಕನ್ನಡದಲ್ಲಿ ಶಿಕ್ಷೆಯೆಂದರೆ ದಂಡನೆಯಾಗಿಬಿಟ್ಟಿದೆ. ಸಂಸ್ಕೃತದಲ್ಲಿ ಶಿಕ್ಷಾ ಎಂದರೆ ಕಲಿಸುವಿಕೆ. ವೇದಾಂಗವಾದ ಶಿಕ್ಷೆಯು ವರ್ಣ, ಸ್ವರ, ಮಾತ್ರೆಗಳನ್ನು ಕಲಿಸುವ ಶಾಸ್ತ್ರ. ಮಾತು ಬಾರದ ಕೂಸಿನ ಶಿಕ್ಷೆಯೂ ನಿಜವಾಗಿ ಸ್ವರ ಮಾತ್ರೆಗಳದೇ. ಎಷ್ಟು ತಗ್ಗಿದ ಸ್ವರದಲ್ಲಿ, ಎಷ್ಟು ಕಡಮೆ ಮಾತ್ರೆಯಲ್ಲಿ, ಪ್ರತಿಸಲವೂ ಎಷ್ಟು ಒಂದೇ ತೆರನಾಗಿ ಹೇಳಲಾಯಿತೆಂಬುದರ ಮೇಲೆ ಅದು ನಿಂತಿದೆ. ಅಜ್ಜ ನಕ್ಕು, ತಂದೆ ಗದರಿಸಿ, ತಾಯಿ ಬೇಡಿಕೊಂಡರೆ ಒಂದೇ ಮಂತ್ರವನ್ನು ಮೂರು ಸ್ವರದಲ್ಲಿ ಪಾಠಮಾಡಿದಂತಾಗುವುದು.

ಕೊನೆಗೆ, ಎತ್ತುವವರಾರು ಎಂಬ ಪ್ರಶ್ನೆ. ಮುಖ್ಯ ವಿಷಯವಿರುವುದು ಇಲ್ಲಿಯೇ. ಎಸೆತದಲ್ಲಿ ಧರ್ಮಾಧರ್ಮಗಳಿಲ್ಲವೆಂದಾಯಿತು. ಎತ್ತುವಿಕೆಯಲ್ಲಿ ಅವು ಪೂರ್ತಿಯಾಗಿ ಇವೆ. ಎಷ್ಟೋ ಮನೆಗಳಲ್ಲಿ ಬಗ್ಗಿ ಎತ್ತುವವಳು ತಾಯಿಯೊಬ್ಬಳೇ; ಅವಳಿಲ್ಲದಿದ್ದರೆ ಅಜ್ಜಿ, ಅಜ್ಜಿಯೂ ಇಲ್ಲದಿದ್ದರೆ ಕೆಲಸದಾಕೆ. ಗಂಡಸರು ಜಗಲಿಯಲ್ಲಿ ಕುಳಿತು ಶಿಸ್ತಿನ ವಿಷಯದಲ್ಲಿ ಅಭಿಪ್ರಾಯ ಕೊಡುವರು. ಸಾಯಂಕಾಲದ ಹೊತ್ತಿಗೆ ಆ ತಾಯಿಯ ಕೈ ಒಮ್ಮೆ ಕೂಸಿನ ಮೇಲೆದ್ದರೆ, ಆ ಪೆಟ್ಟಿನಲ್ಲಿ ಜಗಲಿಯವರ ಪಾಲೆಷ್ಟೆಂಬುದನ್ನು ಲೆಕ್ಕ ಹಾಕದೆ ಅವಳೊಬ್ಬಳನ್ನೇ ದೂರುವುದು ನ್ಯಾಯವಲ್ಲ. ತಾನು ಎಸೆದದ್ದನ್ನು ಎತ್ತುವುದಕ್ಕೆ ಬೇರೆ ಯಾರೋ ಇದ್ದಾರೆ, ಅವರು ಇಂಥವರೇ, ಎಂಬುದನ್ನು ಕೂಸು ನೋಡಿಯೇ ಕಲಿಯುತ್ತದೆ. ಬಸ್ಸಿನ ಕಿಟಕಿಯಿಂದ ತಿಂಡಿಯ ಪೊಟ್ಟಣವನ್ನು ರಸ್ತೆಗೂ, ಸೇತುವೆಯ ಮೇಲಿನಿಂದ ಪ್ಲಾಸ್ಟಿಕ್ ಚೀಲವನ್ನು ಹೊಳೆಗೂ ಎಸೆಯುವ ಪ್ರೌಢರು ಎಸೆಯುವುದನ್ನು ಹೊಸದಾಗಿ ಕಲಿತವರಲ್ಲ. ಎತ್ತುವುದನ್ನು ಎಂದೂ ಕಲಿಯದವರು. ಅವರ ಎಸೆತಕ್ಕೆ ಸಂಕಲ್ಪವಿದೆ, ತಿಳುವಳಿಕೆಯಿದೆ, ಆದುದರಿಂದ ದೋಷವೂ ಇದೆ. ಅವರ ಕೈಗೆ ಯಾರೂ ಹೊಡೆಯುವುದಿಲ್ಲ. ಸಂಕಲ್ಪವಿಲ್ಲದ ಚಿಕ್ಕ ಕೈಗೆ ಮಾತ್ರ ಪೆಟ್ಟು ಬೀಳುತ್ತದೆ. ಲೋಕನ್ಯಾಯದ ಈ ವೈಪರೀತ್ಯವನ್ನು ಕಂಡಾಗ ಮಾಂಡವ್ಯರ ಶಾಪಕ್ಕೆ ಇಂದಿಗೂ ಕೆಲಸವಿದೆಯೆಂದು ತೋರುವುದು.

ಎತ್ತುವುದನ್ನು ಕಲಿಸುವ ಕ್ರಮ ಕಠಿಣವೇನೂ ಅಲ್ಲ. ಆಟ ಮುಗಿದ ಮೇಲೆ ಹಿರಿಯರೊಬ್ಬರು ನೆಲದ ಮೇಲೆ ಕೂಸಿನ ಸಮಕ್ಕೆ ಕುಳಿತು, ಒಂದನ್ನು ತಾವೆತ್ತಿ ಬುಟ್ಟಿಗೆ ಹಾಕಿ, ಇನ್ನೊಂದನ್ನು ಕೂಸಿನ ಕೈಗೆ ಕೊಡಬೇಕು. ಬುಟ್ಟಿಗೆ ಹಾಕುವುದೂ ಒಂದು ಎಸೆತವೇ ಆದುದರಿಂದ ಕೂಸು ಸಂತೋಷದಿಂದಲೇ ಹಾಕುವುದು. ಹತ್ತರಲ್ಲಿ ಎರಡನ್ನು ಅದು ಹಾಕಿದರೆ ಆ ದಿನದ ಪಾಠವಾಯಿತು. ಉಳಿದ ಎಂಟನ್ನು ಹಿರಿಯರು ಹಾಕತಕ್ಕದ್ದು. ನಾಳೆ ಎರಡು ಮೂರಾಗಬಹುದು, ಒಂದೂ ಆಗದಿರಬಹುದು. ಈ ಕೆಲಸಕ್ಕೆ ಮನೆಯ ಯಜಮಾನನೇ ಜಗಲಿಯಿಂದಿಳಿದು ಬಂದರೆ ಇನ್ನೂ ಒಳ್ಳೆಯದು. ದೊಡ್ಡವರು ಬಗ್ಗಿದ್ದನ್ನು ಕಂಡ ಕೂಸಿಗೆ ಬಗ್ಗುವುದು ಕೀಳೆನಿಸುವುದಿಲ್ಲ. ಗಿಡವಾಗಿರುವಾಗ ಬಗ್ಗಬೇಕೆಂಬ ಗಾದೆಗೆ ಅಷ್ಟರ ಮಟ್ಟಿಗೆ ಸತ್ಯವಾದ ಒಂದು ಅರ್ಥವೂ ದೊರೆಯುವುದು.